ಮಿಲ್ಟ್ರಿ ಅಜ್ಜನ ದರಖಾಸ್ತು

ಮಲೆನಾಡಿನ ಊರುಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರ ಹೆಸರಿಗೆ ‘ಮಿಲ್ಟ್ರಿ’ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ. ಮಿಲ್ಟ್ರಿ ಅಜ್ಜ, ಮಿಲ್ಟ್ರಿಯವರ ಮನೆ, ಮಿಲ್ಟ್ರಿಯವರ ತೋಟ. ಅಂಥ ಒಬ್ಬರು ತೀರಿಕೊಂಡ ದಿನ ಅಂಗಳದಲ್ಲಿ ಮೊದಲು ಏಳುವ ಪ್ರಶ್ನೆ ಬಾವುಟದ್ದು. ಹೊದಿಸಬಹುದಾ? ಧ್ವಜ ಸಂಹಿತೆಯ ಪ್ರಕಾರ ಸರ್ಕಾರಿ ಗೌರವದ, ಸೇನೆಯ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಯಲ್ಲಿ ಮಾತ್ರ ಹೊದಿಸಬಹುದು. ಪಿಂಚಣಿ ಪಡೆದು ಮನೆಯಲ್ಲಿ ವಯಸ್ಸಾಗಿ ಸತ್ತವರಿಗೆ ಆ ಗೌರವ ತಾನಾಗಿ ಬರುವುದಿಲ್ಲ. ಹೊದಿಸಿದರೂ ಚಿತೆಗೆ ಹಾಕುವ ಹಾಗಿಲ್ಲ, ಗುಂಡಿಗೆ ಇಳಿಸುವ ಹಾಗಿಲ್ಲ. ಊರಿನ ಹುಡುಗರು ಪ್ರೀತಿಯಿಂದ ಪೇಟೆಗೆ ಓಡಿ ಬಾವುಟ ತರುತ್ತಾರೆ. ಯಾರೂ ಕೇಸು ಹಾಕುವುದಿಲ್ಲ, ಅದು ಬೇರೆ ಮಾತು.

ಬಾವುಟದ ಚರ್ಚೆ ಒಂದು ದಿನದ್ದು. ಅಜ್ಜನ ಕಬ್ಬಿಣದ ಟ್ರಂಕು ತೆರೆದರೆ ಹಳೆಯ ಲೆಕ್ಕ ಕಾಣುತ್ತದೆ. ಮೇಲೆ ಡಿಸ್ಚಾರ್ಜ್ ಬುಕ್, ಪದಕಗಳು, ಪಿಂಚಣಿ ಆದೇಶ. ಕೆಳಗೆ ಮಡಿಚಿ ಮಡಿಚಿ ಹರಿದುಹೋದ ಜಮೀನಿನ ಅರ್ಜಿಯ ನಕಲು.

ಮೊದಲು ಪಿಂಚಣಿಯ ಕತೆ. ಎರಡನೇ ಮಹಾಯುದ್ಧದ ಕಾಲಕ್ಕೆ ಶಿವಮೊಗ್ಗ ಮೈಸೂರು ಸಂಸ್ಥಾನದಲ್ಲಿತ್ತು. ಮಹಾರಾಜರದ್ದೇ ಸೈನ್ಯ ಇತ್ತು. ಅದರ ಒಂದನೇ ಪದಾತಿ ದಳವನ್ನು ಸಿಂಗಾಪುರಕ್ಕೆ ಕಳಿಸಿದ್ದರು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಅವರೂ ಜಪಾನಿನ ಕೈಗೆ ಸಿಕ್ಕರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಇಂಡಿಯಾದ ಸೈನ್ಯ 25 ಲಕ್ಷದಷ್ಟು ಬೆಳೆದಿತ್ತು. ಯುದ್ಧ ಮುಗಿದದ್ದೇ ತಡ, ಅಷ್ಟು ಜನ ಬೇಡವಾದರು. ಸಿಪಾಯಿಗೆ ಪಿಂಚಣಿ ಬೇಕೆಂದರೆ 15 ವರ್ಷ ಸೇವೆ ಆಗಬೇಕು. ಯುದ್ಧ ನಡೆದದ್ದೇ ಆರು ವರ್ಷ. ಹಾಗಾಗಿ ಬಹಳಷ್ಟು ಜನ ಕೈಗೊಂದಿಷ್ಟು ದುಡ್ಡು ಹಿಡಿದು ಊರಿಗೆ ಬಂದರು, ಪಿಂಚಣಿ ಇಲ್ಲ. ಇಂಥ ಪಿಂಚಣಿಯಿಲ್ಲದ ಬಡ ಮಾಜಿ ಸೈನಿಕರಿಗೆ 65 ದಾಟಿದ ಮೇಲೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳಿಗೆ 4,000 ರೂಪಾಯಿ ಕೊಡುತ್ತಿತ್ತು. 2025ರ ನವೆಂಬರ್‌ನಿಂದ ಅದು 8,000 ಆಗಿದೆ. ಮಹಾಯುದ್ಧಕ್ಕೆ ಹೋದವರಲ್ಲಿ ಈಗ ಬದುಕಿರುವವರು ನೂರು ವರ್ಷ ವಯಸ್ಸಿನ ಆಸುಪಾಸಿನವರು. ಹೆಚ್ಚಿಸಿದ್ದು ಸರಿ, ಆದರೆ ಸ್ವಲ್ಪ ತಡ ಆಯ್ತು ಅಲ್ವಾ?

1962, 65, 71ರಲ್ಲಿ ಹೋರಾಡಿದವರ ಪಾಡು ಬೇರೆ. ಅವರಲ್ಲಿ ಜಾಸ್ತಿ ಜನಕ್ಕೆ ಪಿಂಚಣಿ ಬಂತು. ಆದರೆ ಮೂರನೇ ವೇತನ ಆಯೋಗ 1973ರಲ್ಲಿ ಸಿಪಾಯಿಗಳ ಪಿಂಚಣಿಗೆ ಕತ್ತರಿ ಹಾಕಿತು. ಮೊದಲು ಕೊನೆಯ ಸಂಬಳದ ಶೇ 70ರಷ್ಟು ಸಿಗುತ್ತಿದ್ದದ್ದು ಶೇ 50ಕ್ಕೆ ಇಳಿಯಿತು ಅನ್ನುವುದು ಮಾಜಿ ಸೈನಿಕರ ದೂರು. ಅದೂ ಯುದ್ಧ ಗೆದ್ದು ಎರಡು ವರ್ಷ ಆಗುವುದರೊಳಗೆ! ಯಾವಾಗ ನಿವೃತ್ತರಾದರೂ ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ ಬೇಕು ಅನ್ನುವ ‘ಒಂದು ಹುದ್ದೆ, ಒಂದು ಪಿಂಚಣಿ’ ಬೇಡಿಕೆಯ ಹಿಂದೆ ಈ ನೋವೂ ಇದೆ. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮುದುಕರು ಪದಕ ಧರಿಸಿ ಧರಣಿ ಕೂತರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಪ್ಪಿತು, 2014ರ ಜುಲೈ 1ರಿಂದ ಲೆಕ್ಕ ಹಾಕಿತು. ದುಡ್ಡು ಬಂತು, ತಕರಾರು ಪೂರ್ತಿ ಹೋಗಲಿಲ್ಲ.

ಇಷ್ಟು ದೇಶಕ್ಕೆಲ್ಲ ಒಂದೇ. ಮಲೆನಾಡಿನ ಗಂಟು ಇರುವುದು ಜಮೀನಿನಲ್ಲಿ.

ಸೈನಿಕರಿಗೆ ಭೂಮಿ ಕೊಡುವುದು ಹಳೇ ಪದ್ಧತಿ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಒಂದು ಪಾಲು ಮೀಸಲಿದೆ. ಭೂ ಸುಧಾರಣೆ ಕಾನೂನು ಕೂಡ ಅವರನ್ನು ಬೇರೆಯಾಗಿ ನೋಡಿತು. ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಶಿವಮೊಗ್ಗದ ಸಾಗರ ಸೀಮೆಯಲ್ಲಿ. ‘ಉಳುವವನೇ ಹೊಲದೊಡೆಯ’ ಅನ್ನುವುದು ಇಲ್ಲಿ ಬರೀ ಘೋಷಣೆ ಆಗಿರಲಿಲ್ಲ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಗೇಣಿ ಪದ್ಧತಿಯೇ ರದ್ದಾಯಿತು. ಆಗಲೂ ಸೈನಿಕನಿಗೆ ವಿನಾಯಿತಿ ಉಳಿಯಿತು. ಗಡಿಯಲ್ಲಿರುವವನು ತನ್ನ ಗದ್ದೆಯನ್ನು ಗೇಣಿಗೆ ಕೊಡಬಹುದು, ಬಿಟ್ಟು ಬಂದ ಮೇಲೆ ಸ್ವಂತ ಸಾಗುವಳಿಗೆ ಬಿಡಿಸಿಕೊಳ್ಳಬಹುದು.

ಆದರೆ ಗದ್ದೆಯೇ ಇಲ್ಲದವನಿಗೆ ಆ ವಿನಾಯಿತಿಯಿಂದ ಏನು ಬಂತು? ಅವನು ದರಖಾಸ್ತು ಹಾಕಬೇಕು, ಅಂದರೆ ಸರ್ಕಾರಿ ಭೂಮಿ ಕೊಡಿ ಅಂತ ಅರ್ಜಿ. ಸರ್ಕಾರಿ ಭೂಮಿ ಎಲ್ಲಿದೆ ಅಂತ ನೋಡಿದರೆ ಇಲ್ಲಿ ಕಾನು (ದಟ್ಟ ಕಾಡು), ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಗೋಮಾಳ, ಹುಲ್ಲುಬನ್ನಿ (ಹುಲ್ಲುಗಾವಲು). ಒಂದೊಂದಕ್ಕೂ ಆಗಲೇ ಹಕ್ಕುದಾರರಿದ್ದಾರೆ. ಸೊಪ್ಪಿನ ಬೆಟ್ಟ ಅಡಿಕೆ ತೋಟದವರದ್ದು, ಗೋಮಾಳ ಊರ ದನಗಳದ್ದು. ಅದರ ಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರುಗಳು ಮುಳುಗಿ, ನೆಲೆ ಕಳೆದುಕೊಂಡವರನ್ನು ಕಾಡಿನಂಚಿಗೆ ತಂದು ಕೂರಿಸಿದರು. ಅವರ ಹಕ್ಕುಪತ್ರದ ಜಗಳವೇ ಇವತ್ತಿಗೂ ಮುಗಿದಿಲ್ಲ. ಆ ಸಾಲಿನ ಹಿಂದೆ ಸೈನಿಕ ನಿಂತ.

1980ರ ಅಕ್ಟೋಬರ್‌ನಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದಾಚೆ ಕೇಂದ್ರದ ಅನುಮತಿ ಇಲ್ಲದೆ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಾಖಲೆಯಲ್ಲಿ ಯಾರ ಹೆಸರಿದ್ದರೂ ಸರಿ, ಕಾಡಿನ ಲಕ್ಷಣ ಇದ್ದರೆ ಅದೂ ಕಾಡೇ. ಪರಿಭಾವಿತ ಅರಣ್ಯ (ಡೀಮ್ಡ್ ಫಾರೆಸ್ಟ್) ಅಂತ ನಮ್ಮಲ್ಲಿ ಎಲ್ಲರ ಬಾಯಲ್ಲಿ ಓಡಾಡುವುದು ಇದೇ. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ತಪ್ಪು ಮಾಡಿದ್ದು, ಕೊಡಲು ಜಾಗ ಇದೆಯಾ ಅಂತ ನೋಡದೆ ಕೊಡುತ್ತೇವೆ ಅಂದವರು.

ಹೀಗಾಗಿ ಕೆಲವರಿಗೆ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಸಿಕ್ಕರೂ ನೆಲ ಸಿಗುವುದಿಲ್ಲ. ನೂರಾರು ಎಕರೆಯ ಒಂದೇ ಸರ್ವೆ ನಂಬರಿನಲ್ಲಿ ‘ಪೈಕಿ’ ಅಂತ ಬರೆದಿರುತ್ತಾರೆ. ಅಳೆದು ಬೇರೆ ನಂಬರು ಕೊಡುವ ಪೋಡಿ ಆಗಿರುವುದಿಲ್ಲ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ವಿವರ) ನೋಡಿ ಗಡಿ ತೋರಿಸುವವರಿಲ್ಲ. ಸರ್ವೆಯವರು ಸರಪಳಿ ಹಿಡಿದು ಬಂದರೆ ಅರಣ್ಯದವರು ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ ಹಿಡಿದು ಬರುತ್ತಾರೆ. ಕಂದಾಯದ ನಕ್ಷೆಯಲ್ಲಿ ಗೋಮಾಳ, ಅರಣ್ಯದ ನಕ್ಷೆಯಲ್ಲಿ ಉದ್ದೇಶಿತ ಮೀಸಲು ಅರಣ್ಯ. ನಕ್ಷೆ ಓದುವುದನ್ನು ಸೈನ್ಯದಲ್ಲೇ ಕಲಿತು ಬಂದವನಿಗೂ ತನ್ನ ಎರಡೆಕರೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಸುಮ್ನೆ ಬಗರ್ ಹುಕುಂ ಮಾಡಿ, ಅಂದರೆ ಅನುಮತಿ ಇಲ್ಲದೆ ಸರ್ಕಾರಿ ಭೂಮಿ ಉತ್ತು ಕೂತವರು ಅದನ್ನು ಸಕ್ರಮ ಮಾಡಿಸಲು ಫಾರಂ 50, 53, 57 ಅಂತ ಒಂದಲ್ಲ ಒಂದು ಅರ್ಜಿ ಕೊಟ್ಟರು. ಊರಲ್ಲೇ ಇಲ್ಲದ ಸೈನಿಕ ಅದನ್ನೂ ಮಾಡಲಾರ. ಉಳುಮೆ ಮಾಡುವ ವಯಸ್ಸಿನಲ್ಲಿ ಅವನು ಲಡಾಖಿನಲ್ಲೋ ನಾಗಾಲ್ಯಾಂಡಿನಲ್ಲೋ ಇದ್ದ.

ಅಜ್ಜ ಹೋದ ಮೇಲೆ ಅಲೆದಾಟ ಅಜ್ಜಿಯ ಪಾಲಿಗೆ. ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಸಂಬಳದ ಶೇ 30. ಅದು ಸಿಗಬೇಕಾದರೆ ಹೆಂಡತಿಯ ಹೆಸರು ಪಿಂಚಣಿ ಆದೇಶದಲ್ಲಿ ಇರಬೇಕು. ಹಳಬರ ವಿಷಯದಲ್ಲಿ ಎಷ್ಟೋ ಸಲ ಇರುವುದಿಲ್ಲ, ಇದ್ದರೂ ತಪ್ಪಾಗಿರುತ್ತದೆ. ರೆಜಿಮೆಂಟಿನ ಗುಮಾಸ್ತ ಕಿವಿಗೆ ಕೇಳಿಸಿದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಗೌರಮ್ಮ ಗೋರಮಾ ಆಗಿ, ಆಧಾರ್‌ನಲ್ಲಿ ಮತ್ತೊಂದಾಗಿ, ಹುಟ್ಟಿದ ದಿನ ಎರಡು ಕಡೆ ಎರಡಾಗಿ ಕೂತಿರುತ್ತದೆ. ಅದನ್ನು ತಿದ್ದಬೇಕಾದವರು ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನವರು. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆಗಿದ್ದರೆ ನೀಲಗಿರಿಯ ವೆಲ್ಲಿಂಗ್ಟನ್, ಫಿರಂಗಿ ದಳ ಆಗಿದ್ದರೆ ನಾಸಿಕ್. ಈಗ ಪಿಂಚಣಿಯ ಕೆಲಸವೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಹೊಸನಗರದ ಆಚೆ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಕ್ಕರೆ ಪುಣ್ಯ. ಒಟಿಪಿ ಬರುವುದು ಅಜ್ಜನ ಹಳೇ ನಂಬರಿಗೆ. ಅದರ ಸಿಮ್ ರೀಚಾರ್ಜ್ ಆಗಿರುವುದಿಲ್ಲ.

ಅಜ್ಜ ಇರುವಾಗಲೇ, ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಹೋದ ದಿನವೇ, ಈ ಹೆಸರು ಸರಿಮಾಡಿಸುವುದು ಸುಲಭ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕಾಗದಪತ್ರಕ್ಕೆ ನೆರವು ಕೇಳಬಹುದು. ಜಮೀನಿನ ಅರ್ಜಿ ಮಾತ್ರ ತಾಲ್ಲೂಕು ಆಫೀಸಿನದ್ದು. ಅದಕ್ಕೆ ಸೈನ್ಯದ ಯಾವ ಕಚೇರಿಯೂ ಉತ್ತರ ಕೊಡುವುದಿಲ್ಲ.