ಹುಸೇನಪ್ಪ ಅಂದರೆ ಯಾರ ಪೈಕಿ?

ಪ್ರಶ್ನೆ: ನಮ್ಮದು ಲಿಂಗಸುಗೂರು ಕಡೆಯ ಹಳ್ಳಿ. ತಾತನ ಹೆಸರು ಹುಸೇನಪ್ಪ. ಮಗನಿಗೆ ಅದೇ ಹೆಸರು ಇಡಬೇಕು ಅಂತ ಅವ್ವನ ಆಸೆ. ಹೆಂಡತಿ ಬೆಂಗಳೂರಿನವಳು. ಅವಳ ಮನೆಯವರು ‘ಇದು ಮುಸ್ಲಿಮರ ಹೆಸರಲ್ವಾ?’ ಅಂತಾರೆ. ಹಿಂದೂಗಳು ಇಂಥ ಹೆಸರು ಇಡುವುದು ನಮ್ಮ ಕಡೆ ಮಾತ್ರನಾ?

ಉತ್ತರ: ಮೊದಲು ನಿಮ್ಮ ಬೀಗರಿಗೆ ಒಂದು ಮಾತು ಹೇಳಿ. ನಮ್ಮ ಕಡೆ ಹೆಸರಿನ ತಲೆ ನೋಡಬಾರದು, ಬಾಲ ನೋಡಬೇಕು. ಹುಸೇನಪ್ಪ, ಹುಸೇನಮ್ಮ ಅಂದರೆ ಸಾಮಾನ್ಯವಾಗಿ ಹಿಂದೂ ಮನೆಯವರು. ಹುಸೇನಸಾಬ, ಹುಸೇನಬಿ ಅಂದರೆ ಮುಸ್ಲಿಂ ಮನೆಯವರು. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅದು ಕಿವಿಗೇ ಗೊತ್ತಿರುತ್ತದೆ.

ತಾತನಿಗೆ ಆ ಹೆಸರು ಬಂದದ್ದು ಹೆಚ್ಚಾಗಿ ಹರಕೆಯಿಂದ. ನಿಮ್ಮ ತಾಲೂಕಿನ ಮುದಗಲ್ಲಿನ ಮೊಹರಂ ಗೊತ್ತೇ ಇದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನ ಆಚರಣೆ ಅದು. ಆದರೆ ನಮ್ಮ ಹಳ್ಳಿಯ ಅವ್ವಂದಿರಿಗೆ ಅದು ಅಲಾಯಿ ದೇವರು. ಮಕ್ಕಳಾಗಿಲ್ಲ, ಆದದ್ದು ಉಳಿದಿಲ್ಲ ಅಂದರೆ ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ನಿಂತು ಬೇಡಿಕೊಳ್ಳುತ್ತಾರೆ: ‘ಗಂಡಾದರೆ ನಿನ್ನ ಹೆಸರೇ ಇಡ್ತೀನಪ್ಪಾ.’ ಕೂಸು ಹುಟ್ಟಿದ ಮೇಲೆ ಸಕ್ಕರೆ ಓದಿಸುತ್ತಾರೆ, ಅಂದರೆ ದೇವರ ಮುಂದೆ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತಾರೆ. ಹುಡುಗ ಹುಸೇನಪ್ಪ ಆಗುತ್ತಾನೆ. ಮನೆಯ ಜಗಲಿಯ ಮೇಲೆ ಬಸವಣ್ಣನೋ ಹನುಮಪ್ಪನೋ ಮೊದಲಿದ್ದ ಹಾಗೇ ಇರುತ್ತಾನೆ.

ಫಕೀರಪ್ಪ ಅನ್ನುವ ಹೆಸರೂ ಇದೇ ಜಾಡಿನದು. ಮೊಹರಂನಲ್ಲಿ ಕೊರಳಿಗೆ ದಾರ ಹಾಕಿಸಿ ಮಕ್ಕಳನ್ನು ಫಕೀರರನ್ನಾಗಿ ಮಾಡುವ ಹರಕೆ ಇದೆ. ಅದರಲ್ಲಿ ಇನ್ನೊಂದು ಲೆಕ್ಕವೂ ಇದ್ದೀತು ಅಂತ ನನ್ನ ಅನಿಸಿಕೆ. ಭಿಕ್ಷೆ ಬೇಡುವ ಹುಡುಗನ ಮೇಲೆ ಸಾವಿಗೂ ಕಣ್ಣು ಬೀಳುವುದಿಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂತ ಕರೆಯುತ್ತಿದ್ದರಲ್ಲ, ಹಾಗೆ.

ಅಂದರೆ ನಮ್ಮ ಕಡೆ ಹೆಸರು ಹೇಳುವುದು ಯಾವ ಧರ್ಮದವನು ಅಂತಲ್ಲ, ಯಾರು ಕೊಟ್ಟ ಕೂಸು ಅಂತ. ಕೊಪ್ಪಳದ ಯಾವುದೇ ಶಾಲೆಯಲ್ಲಿ ಹಾಜರಿ ಕೂಗಿ ನೋಡಿ. ‘ಗವಿಸಿದ್ದಪ್ಪ’ ಅಂದರೆ ಮೂರು ಕಡೆಯಿಂದ ‘ಎಸ್ ಸರ್’ ಬರುತ್ತದೆ. ಅವರೆಲ್ಲ ಗವಿಮಠದ ಗವಿಸಿದ್ಧೇಶ್ವರನ ಮಕ್ಕಳು. ಹುಲಿಗೆಮ್ಮ, ಹುಲಿಗೆಪ್ಪ ಅಂದರೆ ಮುನಿರಾಬಾದ್ ಪಕ್ಕದ ಹುಲಿಗಿ. ಅಮರೇಶ ಅಂದರೆ ಗುರುಗುಂಟಾದ ಅಮರೇಶ್ವರ. ಕನಕಪ್ಪ ಅಂದರೆ ಕನಕಗಿರಿ. ಪಂಪಾಪತಿ ಅಂದರೆ ಹಂಪಿ. ಬಳ್ಳಾರಿ ಕಡೆ ಹೋದರೆ ಎರ್ರಿಸ್ವಾಮಿಗಳು ಜಾಸ್ತಿ. ಅದೇ ಕಡೆಯ ಚೇಳ್ಳಗುರ್ಕಿಯ ಎರ್ರಿತಾತನ ಹೆಸರದು. ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚು, ಪೆದ್ದುತನ. ಭಕ್ತರಿಗೆ ಅದೇ ದೊಡ್ಡ ಹೆಸರು. ಯಾವ ಊರು, ಯಾವ ಜಾತ್ರೆ ಅಂತ ಹೆಸರಿನಲ್ಲೇ ಬರೆದಿರುತ್ತದೆ.

ಈ ಊರು ದಾಟಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ನನ್ನ ದೊಡ್ಡಪ್ಪನೂ ಹುಸೇನಪ್ಪನೇ. ಒಮ್ಮೆ ದೂರದ ಊರಿನ ಒಂದು ಕಚೇರಿಯಲ್ಲಿ ಗುಮಾಸ್ತರು ಅರ್ಜಿ ನೋಡಿದವರೇ, ಏನೂ ಕೇಳದೆ, ಧರ್ಮದ ಕಾಲಂನಲ್ಲಿ ತಾವೇ ಒಂದು ಗೆರೆ ಎಳೆದು ತಿದ್ದಿದ್ದರು. ಅದನ್ನು ಸರಿ ಮಾಡಿಸಲು ದೊಡ್ಡಪ್ಪ ಮೂರು ಸಲ ಬಸ್ಸು ಹತ್ತಬೇಕಾಯಿತು. ‘ನನ್ನ ಹೆಸರಲ್ಲಿ ಅಪ್ಪ ಅಂತ ಇರೋದು ಅವರಿಗೆ ಕಾಣಲೇ ಇಲ್ಲವಾ?’ ಅಂತ ಈಗಲೂ ಕೇಳುತ್ತಾರೆ.

ನಮ್ಮ ಕಡೆ ಮಾತ್ರನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಇದರ ಉಲ್ಟಾ ನಡೆಯುತ್ತದೆ. ಅಲ್ಲಿ ಮುಸ್ಲಿಮರೇ ಹೆಚ್ಚು. ಆದರೂ ವಿಸ್ನು, ದೇವಿ, ಇಂದ್ರ ಅನ್ನುವ ಹೆಸರುಗಳು ಮಾಮೂಲು. ಆ ದೇಶದ ಮೊದಲ ಅಧ್ಯಕ್ಷ ಸುಕರ್ಣೋ ಅವರಿಗೆ ತಂದೆ ಆ ಹೆಸರು ಇಟ್ಟದ್ದು ಮಹಾಭಾರತದ ಕರ್ಣನನ್ನು ನೆನೆದು. ಚಿಕ್ಕಂದಿನಲ್ಲಿ ಪದೇ ಪದೇ ಕಾಯಿಲೆ ಬೀಳುತ್ತಿದ್ದರಂತೆ, ಅದಕ್ಕೇ ಹೆಸರು ಬದಲಿಸಿದರು. ನಮ್ಮ ತಿಪ್ಪಣ್ಣನ ಅಣ್ಣನೇ ಅಲ್ವಾ? ಅವರ ಮಗಳು ಮೇಘಾವತಿ ಸುಕರ್ಣೋಪುತ್ರಿ 2001ರಿಂದ 2004ರವರೆಗೆ ಅಧ್ಯಕ್ಷೆಯಾಗಿದ್ದರು. ಅವರೂ ಮುಸ್ಲಿಮರೇ.

ಇನ್ನು ದೇವರ ಹೆಸರನ್ನೇ ಕೂಸಿಗೆ ಇಡಬಹುದಾ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ನಮಗೆ ಅದು ಪುಣ್ಯ. ಭಾಗವತದ ಅಜಾಮಿಳ ಸಾಯುವಾಗ ‘ನಾರಾಯಣಾ’ ಅಂತ ಕರೆದದ್ದು ಮಗನನ್ನು, ಸಿಕ್ಕಿದ್ದು ಮೋಕ್ಷ. ಮುಸ್ಲಿಮರಲ್ಲಿ ಸಾಮಾನ್ಯವಾಗಿ ಅಲ್ಲಾಹನ ಹೆಸರನ್ನು ನೇರವಾಗಿ ಇಡುವುದಿಲ್ಲ. ಹೆಸರಿನ ಮೊದಲಿಗೆ ಅಬ್ದುಲ್ ಸೇರಿಸುತ್ತಾರೆ. ಅಬ್ದುಲ್ ರಹಮಾನ್ ಅಂದರೆ ಕರುಣಾಮಯನ ದಾಸ. ಮಾನ್ವಿಯ ಜಗನ್ನಾಥದಾಸರ ಹೆಸರಿನ ಕಟ್ಟೂ ಅದೇ. ಕ್ರೈಸ್ತರಲ್ಲೇ ಎರಡು ದಾರಿ. ಸ್ಪೇನ್, ಮೆಕ್ಸಿಕೋಗಳಲ್ಲಿ ಯೇಸುವಿನ ಹೆಸರಿನ ಹುಡುಗರು ಬೇಕಾದಷ್ಟು. ಅವರ ಉಚ್ಚಾರ ಹೆಸೂಸ್. ಇಂಗ್ಲಿಷ್ ಮನೆಗಳಲ್ಲಿ ಹಾಗೆ ಇಡಲು ಹಿಂಜರಿಯುತ್ತಾರೆ. ಆದರೆ ಜೋಶುವಾ ಅಂತ ಆರಾಮಾಗಿ ಇಡುತ್ತಾರೆ. ಎರಡೂ ಒಂದೇ ಹೀಬ್ರೂ ಹೆಸರಿನಿಂದ ಬಂದವು ಅನ್ನುವುದು ಬೇರೆ ಮಾತು! ಅದೇ ಯೇಸು ಮುಸ್ಲಿಂ ಮನೆಗಳಲ್ಲಿ ಈಸಾ.

ಫ್ರಾನ್ಸಿನಲ್ಲಿ ಸರ್ಕಾರವೇ ಅಡ್ಡ ಬಂದಿತ್ತು. 1803ರ ಕಾನೂನಿನ ಪ್ರಕಾರ ಪಂಚಾಂಗದಲ್ಲಿ (ಸಂತರ ಹೆಸರುಗಳಿರುವ ಅಲ್ಲಿನ ಕ್ಯಾಲೆಂಡರಿನಂಥವು) ಇರುವ ಹೆಸರು ಇಲ್ಲವೇ ಹಳೆಯ ಇತಿಹಾಸದವರ ಹೆಸರು ಮಾತ್ರ ಇಡಬೇಕಿತ್ತು. ಮುಂದೆ ಸ್ವಲ್ಪ ಸಡಿಲವಾಯಿತು, ಪೂರ್ತಿ ಹೋದದ್ದು 1993ರಲ್ಲಿ.

ಹೆಸರು ಇಡಿ ಅಂತಲೇ ನನ್ನ ಸಲಹೆ. ಹುಡುಗ ಬೆಂಗಳೂರಲ್ಲಿ ಬೆಳೆಯುವುದಾದರೆ ಇದರ ಕಥೆಯನ್ನು ಸಾವಿರ ಸಲ ಹೇಳಬೇಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಒಂದು ಎಚ್ಚರಿಕೆ ಇರಲಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ, ಮೂರರಲ್ಲೂ ಪೂರ್ತಿ ‘ಹುಸೇನಪ್ಪ’ ಅಂತ ಒಂದೇ ಪದವಾಗಿ ಬರೆಸಿ. ‘ಹುಸೇನ್’ ಒಂದು ಕಡೆ, ‘ಅಪ್ಪ’ ಇನ್ನೊಂದು ಕಡೆ ಆಗದಂತೆ ನೋಡಿಕೊಳ್ಳಿ. ಇನ್ನು ನಿಮ್ಮ ಅವ್ವನ ಪಾಡು. ಮಾವನ ಹೆಸರು ಹಿಡಿದು ಮೊಮ್ಮಗನನ್ನು ಕೂಗಲು ಅವರಿಗೆ ಬಾಯಿ ಬರುವುದಿಲ್ಲ. ಅವರು ‘ತಾತಾ’ ಅಂತಲೇ ಕರೆಯುತ್ತಾರೆ, ನೋಡುತ್ತಿರಿ.