ಡಿಸ್ಟಾರ್ಷನ್ ಪೂರ್ತಿ ಏರಿಸಿದರೂ ಎಸಿ/ಡಿಸಿ ಸದ್ದು ಏಕೆ ಬರುವುದಿಲ್ಲ?

ಪ್ರಶ್ನೆ: ರಾಕ್ ಬ್ಯಾಂಡ್ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡನ್ನು ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ನುಡಿಸುತ್ತಿದ್ದೇನೆ. ಕಾರ್ಡ್‌ಗಳೆಲ್ಲ (ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳು) ಸರಿಯಾಗಿವೆ, ಆಂಪ್‌ನ (ಆಂಪ್ಲಿಫೈಯರ್) ಗೇನ್, ಅಂದರೆ ಸದ್ದು ಎಷ್ಟು ಒಡೆಯಬೇಕೆಂದು ಹೊಂದಿಸುವ ನಾಬ್, 10ಕ್ಕೆ ಇಟ್ಟಿದ್ದೇನೆ. ಆದರೂ ಗೊಜ್ಜಿನಂತೆ ಕಲಸಿಕೊಂಡು ಕೇಳುತ್ತದೆ. ಏಕೆ?

ಗೇನ್ 10ಕ್ಕೆ ಇಟ್ಟಿರುವುದರಿಂದಲೇ. ಮೊದಲು 3 ಅಥವಾ 4ಕ್ಕೆ ಇಳಿಸಿ.

ಆ ಹಾಡಿನ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಇ, ಡಿ, ಎ ಕಾರ್ಡ್‌ಗಳ ನಡುವೆ ಸಣ್ಣ ಸಣ್ಣ ಮೌನಗಳಿವೆ. ಹಾಡು ನಡೆಯುವುದೇ ಅವುಗಳ ಮೇಲೆ. ಗೇನ್ ಹೆಚ್ಚಾದಷ್ಟೂ ತಂತಿಯ ಉಳಿದ ಕಂಪನ, ಪಿಕ್‌ಅಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಗುಂಯ್‌ಗುಡುವಿಕೆ ಎಲ್ಲವೂ ದೊಡ್ಡದಾಗಿ ಆ ಬಿಡುವುಗಳಲ್ಲಿ ತುಂಬಿಕೊಳ್ಳುತ್ತವೆ. ಕೆಲವು ತಂತಿಗಳನ್ನು ಒತ್ತದೆಯೇ ಐದಾರು ತಂತಿ ಒಟ್ಟಿಗೆ ಮಿಡಿಯುವ ಓಪನ್ ಕಾರ್ಡ್‌ಗಳಲ್ಲಂತೂ ಸ್ವರಗಳು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ.

ಬ್ರಿಡ್ಜ್ (ಗಿಟಾರ್ ದೇಹದ ಮೇಲೆ ತಂತಿಗಳಿಗೆ ಆಧಾರವಾದ ಭಾಗ) ಬಳಿಯ ಪಿಕ್‌ಅಪ್ ಆರಿಸಿ. ಆಂಪ್‌ನ ನಾಬ್‌ಗಳನ್ನು ಬಾಸ್ 4, ಮಿಡ್ 6–7, ಟ್ರೆಬಲ್ 6ರಿಂದ ಶುರುಮಾಡಿ. ಆಂಪ್‌ಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ. ಒಂದು ಪರೀಕ್ಷೆ ಇದೆ: ಎ ಕಾರ್ಡನ್ನು ಮೆಲ್ಲಗೆ ಮೀಟಿದರೆ ಸದ್ದು ಬಹುತೇಕ ಶುದ್ಧವಾಗಿರಬೇಕು, ಜೋರಾಗಿ ಹೊಡೆದರೆ ಮಾತ್ರ ಒಡೆಯಬೇಕು. ಕಾರ್ಡ್ ಮುಗಿದೊಡನೆ ಎಡಗೈ ಬೆರಳುಗಳ ಒತ್ತಡ ಸಡಿಲಿಸಿ, ಬಲ ಅಂಗೈ ಅಂಚಿನಿಂದ ತಂತಿಗಳನ್ನು ಮುಚ್ಚಿ. ಒಂದೇ ಕೈ ಬಳಸಿದರೆ ಯಾವುದಾದರೂ ಓಪನ್ ತಂತಿ ಗುನುಗುತ್ತಲೇ ಇರುತ್ತದೆ. ಮೆಟ್ರೊನೋಮನ್ನು (ತಾಳ ಕೊಡುವ ಸಾಧನ) ನಿಮಿಷಕ್ಕೆ 70 ಬಡಿತಕ್ಕೆ ಇಟ್ಟು ಆರಂಭಿಸಿ, ಬಿಡುವುಗಳು ಖಾಲಿಯಾಗಿ ಕೇಳಿದ ಮೇಲೆ ವೇಗ ಏರಿಸಿ.

ಎಲ್ಲರ ಕಣ್ಣೂ ಶಾಲಾ ಸಮವಸ್ತ್ರದಲ್ಲಿ ಕುಣಿಯುವ, ಬ್ಯಾಂಡಿನ ಗಿಟಾರ್ ವಾದಕ ಆಂಗಸ್ ಯಂಗ್ ಮೇಲಿರುತ್ತದೆ. ಆದರೆ ಈ ಸದ್ದಿನ ಬೆನ್ನೆಲುಬು ಅಣ್ಣ ಮಾಲ್ಕಮ್. ಗ್ಲಾಸ್ಗೋದಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಈ ಸೋದರರು 1973ರಲ್ಲಿ ಸಿಡ್ನಿಯಲ್ಲಿ ಬ್ಯಾಂಡ್ ಕಟ್ಟಿದರು. ಹೆಸರು ಸೂಚಿಸಿದ್ದು ಅಕ್ಕ ಮಾರ್ಗರೆಟ್. ಆರಂಭದ ಆಲ್ಬಂಗಳನ್ನು ಹ್ಯಾರಿ ವಾಂಡಾ ಜೊತೆ ನಿರ್ಮಿಸಿದವರು ಹಿರಿಯಣ್ಣ ಜಾರ್ಜ್. ಮಾಲ್ಕಮ್ ತಮ್ಮ ಗ್ರೆಚ್ ಗಿಟಾರ್‌ನಲ್ಲಿ ಬ್ರಿಡ್ಜ್ ಪಿಕ್‌ಅಪ್ ಒಂದನ್ನೇ ಉಳಿಸಿಕೊಂಡು, ದಪ್ಪ ತಂತಿ ಹಾಕಿ, ಗೇನ್ ಕಡಿಮೆ ಇಟ್ಟು ಬಲವಾಗಿ ಹೊಡೆಯುತ್ತಿದ್ದರು. ತೆಳು ತಂತಿಗೆ ಅಷ್ಟು ಜೋರಾಗಿ ಹೊಡೆದರೆ ಕ್ಷಣಕಾಲ ಶ್ರುತಿ ಮೇಲೇರುತ್ತದೆ. ನಿಮ್ಮಲ್ಲಿ 9ರ ಸೆಟ್ (ಅತಿ ತೆಳು ತಂತಿ 0.009 ಇಂಚು ದಪ್ಪವಿರುವುದು) ಇದ್ದರೆ 10 ಅಥವಾ 11ಕ್ಕೆ ಹೋಗಿ. ಎಳೆತ ಹೆಚ್ಚುವುದರಿಂದ ಗಿಟಾರಿನ ಕುತ್ತಿಗೆ ಬಾಗಿದೆಯೇ, ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಕಚ್ಚುಗಳಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆಯೇ ನೋಡಿಕೊಳ್ಳಿ.

ಇನ್ನೊಂದು ಮೋಸ ಕಿವಿಯದು. ನೀವು ಕೇಳುವ ದಪ್ಪ ಸದ್ದು ಒಂದು ಗಿಟಾರಿನದಲ್ಲ. ಎರಡು ಗಿಟಾರ್‌ಗಳು, ಕ್ಲಿಫ್ ವಿಲಿಯಮ್ಸ್ ಅವರ ಬಾಸ್ ಗಿಟಾರ್, ಫಿಲ್ ರಡ್ ಅವರ ಡ್ರಮ್ಸ್ ಸೇರಿ ಆದದ್ದು. ಕೋಣೆಯಲ್ಲಿ ಒಬ್ಬರೇ ನುಡಿಸಿದಾಗ ತೆಳ್ಳಗೆ ಕೇಳುವುದು ಸಹಜ. ಹೆಚ್ಚಿನವರು ಆಗಲೇ ಗೇನ್ ನಾಬ್‌ಗೆ ಕೈಹಾಕುವುದು. ಅದರ ಬದಲು ಬಾಸ್, ಡ್ರಮ್ಸ್ ಇರುವ ಟ್ರ್ಯಾಕ್ ಹಾಕಿಕೊಂಡು ನುಡಿಸಿ. 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮನ್ನು ಹೆಡ್‌ಫೋನ್‌ನ ಒಂದೊಂದೇ ಕಿವಿಯಲ್ಲಿ ಕೇಳಿ ನೋಡಿ: ಒಂಟಿ ಗಿಟಾರ್ ಎಷ್ಟು ಸ್ವಚ್ಛವಾಗಿದೆ ಎಂದು ಅಚ್ಚರಿಯಾಗುತ್ತದೆ.