ಸ್ಮರಣ ಸಂಚಿಕೆಯ ದುಡ್ಡು ಹಳೆಯ ಪುಟಗಳಲ್ಲಿದೆ

ಮೈಸೂರು, ಮಂಡ್ಯ ಕಡೆಯ ಶಾಲೆಗಳಿಗೆ ಸ್ಮರಣ ಸಂಚಿಕೆ ಮಾಡಿಕೊಡುವುದು ನನ್ನ ಕೆಲಸ. ಈಚೆಗೆ ಮುಖ್ಯೋಪಾಧ್ಯಾಯರು ಬಂದು ಕೂತ ತಕ್ಷಣ ಹೇಳುವ ಮಾತು ಒಂದೇ: "ಈ ಸಲ ಡಿಜಿಟಲ್ ಮಾಡಿಬಿಡೋಣ ಸಾರ್. ಪ್ರಿಂಟಿನ ಖರ್ಚು ಉಳಿಯುತ್ತೆ, ಶಾಲೆಗೂ ನಾಲ್ಕು ಕಾಸಾಗುತ್ತೆ." ಖರ್ಚು ಉಳಿಯುವುದು ನಿಜ. ಕಾಸು ಮಾತ್ರ ತಾನಾಗಿ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಅಚ್ಚಾದ ಪ್ರತಿ ಒಂದಕ್ಕೆ 200 ರೂಪಾಯಿ ಬಿತ್ತು ಅಂದುಕೊಳ್ಳೋಣ. 500 ಪ್ರತಿಗೆ 1 ಲಕ್ಷ. ಮೇಷ್ಟ್ರುಗಳು ಅಂಗಡಿ ಅಂಗಡಿ ಅಲೆದು ತಂದ ಜಾಹೀರಾತಿನ ದುಡ್ಡೆಲ್ಲ ಪ್ರೆಸ್ಸಿಗೇ ಹೋಗುತ್ತದೆ. ಪಿಡಿಎಫ್ ಮಾಡಿದರೆ ಆ 1 ಲಕ್ಷ ಉಳಿಯುತ್ತದೆ. ಪುಟ ಕಟ್ಟುವ, ಫೋಟೊ ತಿದ್ದುವ, ಕರಡು ನೋಡುವ ಖರ್ಚು ಹೇಗೂ ಇದ್ದೇ ಇರುತ್ತದೆ.

ಆದರೆ ಪಿಡಿಎಫನ್ನು ಪ್ರತಿಗೆ ಇಷ್ಟು ಅಂತ ಮಾರಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಒಬ್ಬರು ಕೊಂಡರೆ ಸಂಜೆಯೊಳಗೆ ಅದು ತರಗತಿಯ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಮಗುವಿನ ಫೋಟೊ ಹಂಚಿಕೊಳ್ಳುವ ತಂದೆತಾಯಿಯನ್ನು ತಡೆಯಲು ಆಗುವುದಿಲ್ಲ, ತಡೆಯಲೂ ಬಾರದು. ಫೀಸಿನ ಜೊತೆ ಸೇರಿಸಿ ವಸೂಲಿ ಮಾಡುವುದನ್ನಂತೂ ನಾನು ಒಪ್ಪುವುದಿಲ್ಲ. ದಿನಗೂಲಿಯಲ್ಲಿ ಉಳಿಸಿ ಫೀಸು ಕಟ್ಟುವ ಮನೆಗಳಿವೆ. ಈಗ ಓದುತ್ತಿರುವ ಮಕ್ಕಳಿಗೆ ಪುಸ್ತಕ ಪುಕ್ಕಟೆ ಸಿಗಬೇಕು.

ಹಾಗಾದರೆ ದುಡ್ಡು ಎಲ್ಲಿಂದ? ಹಳೆಯ ವಿದ್ಯಾರ್ಥಿಗಳಿಂದ. ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ ಈಗ ಎಲ್ಲಿ ನೋಡಿದರೂ ಗುರುವಂದನೆ ಕಾರ್ಯಕ್ರಮಗಳು. ಒಂದೊಂದು ಬ್ಯಾಚಿನವರೂ ದುಡ್ಡು ಹಾಕಿ, ಶಾಮಿಯಾನ ಹಾಕಿಸಿ, ಊಟ ಹಾಕಿಸಿ, ಗುರುಗಳಿಗೆ ಶಾಲು ಹೊದಿಸುತ್ತಾರೆ. ಕೊಡುವ ಮನಸ್ಸು ಅಲ್ಲೇ ಇದೆ, ಅಲ್ವಾ? ಶಾಲೆಯ ಸೋರುವ ಕೊಠಡಿಗೂ ಅದರಲ್ಲಿ ಒಂದು ಪಾಲು ಬರಲು ದಾರಿ ಬೇಕು. ಡಿಜಿಟಲ್ ಸಂಚಿಕೆ ಆ ದಾರಿಯಾಗಬಲ್ಲದು. ಆದರೆ ಅದರಲ್ಲಿ ಅವರ ಹೆಸರು, ಅವರ ಮುಖ ಇರಬೇಕು. ಈ ವರ್ಷದ ಕ್ರೀಡಾಕೂಟದ ಫೋಟೊ ನೋಡಿ 1988ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಜೇಬಿಗೆ ಕೈ ಹಾಕುವುದಿಲ್ಲ.

ಅದಕ್ಕೇ ನಾನು ಹೇಳುವುದು ಬ್ಯಾಚ್ ಪುಟ. ಎಸ್ಸೆಸ್ಸೆಲ್ಸಿಯ ಒಂದೊಂದು ವರ್ಷಕ್ಕೂ ಎರಡೆರಡು ಪುಟ. ಆ ವರ್ಷದ ಗುಂಪು ಫೋಟೊ, ಕೆಳಗೆ ಸಾಲು ಸಾಲಾಗಿ ಹೆಸರು, ಪಾಠ ಮಾಡಿದ ಗುರುಗಳ ಹೆಸರು, ಅವರಲ್ಲೇ ಒಬ್ಬರು ಬರೆದ ನಾಲ್ಕು ಸಾಲು. ಪುಟಕ್ಕೆ ಕನಿಷ್ಠ ಇಷ್ಟು ಅಂತ ಬೆಲೆ ಕಟ್ಟಬೇಡಿ. ಬ್ಯಾಚಿನವರು ತಮ್ಮಲ್ಲೇ ಸೇರಿಸಿ ಕೊಡಲಿ. 1994ರವರು ಇಷ್ಟು ಕೊಟ್ಟರು ಅಂತ ಗೊತ್ತಾದರೆ 1995ರವರು ಸುಮ್ನೆ ಕೂರುವುದಿಲ್ಲ. ಯಾರು ಎಷ್ಟು ಕೊಟ್ಟರು ಅಂತ ಒಬ್ಬೊಬ್ಬರ ಮೊತ್ತ ಹಾಕುವುದು ಬೇಡ. 100 ರೂಪಾಯಿ ಕೊಟ್ಟವರು ತಲೆ ತಗ್ಗಿಸುವಂತಾಗಬಾರದು. ಬ್ಯಾಚಿನ ಒಟ್ಟು ಮೊತ್ತ ಸಾಕು.

ದುಡ್ಡು ಯಾವುದಕ್ಕೆ ಅನ್ನುವುದೂ ಮೊದಲ ಪುಟದಲ್ಲೇ ಇರಲಿ. "ಶಾಲೆಯ ಅಭಿವೃದ್ಧಿಗೆ" ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. "7ನೇ ತರಗತಿಯ ಕೊಠಡಿಗೆ ಹೊಸ ಹೆಂಚು", "ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು" ಅಂದರೆ ಕಣ್ಣಿಗೆ ಕಟ್ಟುತ್ತದೆ.

ಹಳೆಯ ಗುಂಪು ಫೋಟೊಗಳು ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯಲ್ಲೇ ಇರುತ್ತವೆ. ಗಾಜಿನ ಮೇಲಿಂದ ಫೋನಿನಲ್ಲಿ ತೆಗೆದರೆ ಎದುರಿನ ಕಿಟಕಿ ಅದರಲ್ಲಿ ಬೀಳುತ್ತದೆ, ಮುಖ ಕಾಣುವುದಿಲ್ಲ. ಚೌಕಟ್ಟಿನಿಂದ ಬಿಡಿಸಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಮಳೆನೀರು ಬಿದ್ದು ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಬೇಡಿ, ಚಿತ್ರದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಹೆಸರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಬಹಳ ಕಡೆ ಇನ್ನೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಪುಟ ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ಫೋನಿಗೆ ಅದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಹಳೆಯ ವಿದ್ಯಾರ್ಥಿ ಪಿಡಿಎಫ್ ತೆರೆದು ಮೊದಲು ಮಾಡುವ ಕೆಲಸ ತನ್ನ ಹೆಸರು ಹುಡುಕುವುದು. ಅದು ಸಿಗಬೇಕಾದರೆ, ಫೋನಿಗೂ ಕನ್ನಡವನ್ನು ಕನ್ನಡವಾಗಿಯೇ ತಿಳಿಸುವ ಯೂನಿಕೋಡ್ ಬೇಕೇ ಬೇಕು. ಯೂನಿಕೋಡಿನಲ್ಲಿ ಮಾಡಿದರೂ ಒತ್ತಕ್ಷರ ಇರುವ ಹೆಸರು ಪಿಡಿಎಫ್‌ನಲ್ಲಿ ಕೆಲವೊಮ್ಮೆ ಸಿಗುವುದಿಲ್ಲ. ಅದಕ್ಕೆ ಕೊನೆಯಲ್ಲಿ ಹೆಸರುಗಳ ಪಟ್ಟಿ ಕೊಟ್ಟು, ಹೆಸರು ಒತ್ತಿದರೆ ಆ ಪುಟಕ್ಕೇ ಹೋಗುವ ಹಾಗೆ ಮಾಡಿ. ಕೆಲಸ ಜಾಸ್ತಿ, ಆದರೆ ಇಡೀ ಪುಸ್ತಕದಲ್ಲಿ ನಾನು ಬಿಡಬೇಡಿ ಅಂತ ಹಟ ಹಿಡಿಯುವುದು ಇದೊಂದಕ್ಕೇ. ಫೈಲು 20 ಎಂಬಿ ಆಸುಪಾಸಿನಲ್ಲಿದ್ದರೆ ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

ಹೆಸರು ತೆಗೆಯಲು ದಾಖಲಾತಿ ಪುಸ್ತಕ ನೋಡಬೇಕಾಗುತ್ತದೆ. ನೋಡಿ, ಆದರೆ ಅದರ ಪುಟವನ್ನೇ ಸ್ಕ್ಯಾನ್ ಮಾಡಿ ಹಾಕಬೇಡಿ. ಅದರಲ್ಲಿ ಜಾತಿ, ಹುಟ್ಟಿದ ದಿನ, ತಂದೆಯ ಕಸುಬು ಎಲ್ಲ ಇರುತ್ತದೆ. ಹೆಸರು, ವರ್ಷ ಇಷ್ಟೇ ಸಾಕು. ಈಗಿನ ಮಕ್ಕಳ ಫೋಟೊ ಹಾಕುವಾಗಲೂ ಮನೆಯವರ ಸಹಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು.

ಇನ್ನು ದುಡ್ಡು ಬರುವ ದಾರಿ. ಕ್ಯುಆರ್ ಕೋಡ್ ಯಾವ ಮೇಷ್ಟ್ರ ಸ್ವಂತ ಖಾತೆಯದೂ ಆಗಿರಬಾರದು, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಜಂಟಿ ಖಾತೆ, ಖಾಸಗಿಯಾದರೆ ಟ್ರಸ್ಟಿನ ಖಾತೆ. ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ ಅಂತ ಕರೆಯುವುದು) ಟ್ರಸ್ಟಿಗೆ ಇದ್ದರೆ ರಸೀದಿಯಲ್ಲಿ ಬರೆಯಿರಿ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಅನ್ನುವುದನ್ನೂ ಹೇಳಿ.

ಮೈಸೂರಿನ ಶಾಲೆಗಳಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಇಲ್ಲಿ ಓದಿದವರು ಅಮೆರಿಕದಲ್ಲಿ ಎಷ್ಟೋ ಜನ ಇದ್ದಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಕೆಳಗೆ ಅನುಮತಿ ಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅನುಮತಿ ಇಲ್ಲದ ಶಾಲೆ ಅಂಥವರಿಂದ ಬರಹ ಪಡೆಯಲಿ, ಹಳೆಯ ಫೋಟೊ ಪಡೆಯಲಿ. ಹಣ ಬೇಡ ಅಂತ ಮೊದಲೇ ಬಿಡಿಸಿ ಹೇಳಲಿ.

ಅಂಗಡಿಗಳ ಜಾಹೀರಾತು ತೆಗೆದುಕೊಳ್ಳುವ ಮುಂಚೆ ಆಡಿಟರ್ ಹತ್ತಿರ ಒಂದು ಮಾತು ಕೇಳಿ. ಡಿಜಿಟಲ್ ಜಾಹೀರಾತಿಗೆ ಜಿಎಸ್‌ಟಿ ದರ 18%. ದತ್ತಿ ಸಂಸ್ಥೆಯೊಂದು ದಾನಿಯ ಹೆಸರನ್ನು ಕೃತಜ್ಞತೆಗಾಗಿ ಮಾತ್ರ ಹಾಕಿ, ಅವರ ವ್ಯಾಪಾರದ ಪ್ರಚಾರ ಮಾಡದಿದ್ದರೆ ಜಿಎಸ್‌ಟಿ ಇಲ್ಲ ಅಂತ 2019ರ ಅಕ್ಟೋಬರ್ ಸುತ್ತೋಲೆ ಹೇಳುತ್ತದೆ. ಸಣ್ಣ ಶಾಲೆಗೆ ಎರಡನೆಯ ದಾರಿಯೇ ಹಗುರ.

ಈ ಕೆಲಸ ಡಿಸೆಂಬರಿನಲ್ಲಿ ಶುರು ಮಾಡಿದರೆ ಆಗುವುದಿಲ್ಲ. ಜೂನ್, ಜುಲೈನಲ್ಲಿ ಫೋಟೊ ಇಳಿಸಿ ಸ್ಕ್ಯಾನ್ ಮಾಡಿಸಿ. ದಸರಾ ರಜೆಗೆ ಹಳಬರು ಊರಿಗೆ ಬರುತ್ತಾರೆ, ಆಗ ಕೂರಿಸಿ ಮುಖಗಳಿಗೆ ಹೆಸರು ಹೇಳಿಸಿ. ಬ್ಯಾಚ್ ಪುಟಗಳು ನವೆಂಬರಿನಲ್ಲಿ ಮುಗಿದರೆ ವಾರ್ಷಿಕೋತ್ಸವಕ್ಕೆ ಬಿಡುಗಡೆ ಮಾಡಬಹುದು. ಫೈಲು ಶಾಲೆಯ ಹೆಸರಿನ ಖಾತೆಯಲ್ಲೇ ಇರಲಿ. ಮೇಷ್ಟ್ರಿಗೆ ವರ್ಗಾವಣೆಯಾದರೆ ಅವರ ಡ್ರೈವಿನ ಲಿಂಕನ್ನೇ ನಂಬಿಕೊಂಡವರಿಗೆ ಪುಸ್ತಕವೇ ಇಲ್ಲದಂತಾಗುತ್ತದೆ. ಮಾರ್ಚ್ 31ರ ಹೊತ್ತಿಗೆ ಬಂದದ್ದೆಷ್ಟು, ಖರ್ಚೆಷ್ಟು ಅನ್ನುವ ಪುಟ ಬರೆದು, ಹೊಸ ಹೆಂಚಿನ ಫೋಟೊ ಜೊತೆಗಿಟ್ಟು, ಅದೇ ಪಿಡಿಎಫನ್ನು ಎಲ್ಲ ಬ್ಯಾಚುಗಳಿಗೂ ಮತ್ತೊಮ್ಮೆ ಕಳಿಸಿ.